ಕಿವಿಯೊಳಗಿನ ಇಯರ್‌ಫೋನ್ ಹೋಲಿಸುವ ಕ್ರಮ: ಚೆಂಡೆ, ಚಕ್ರತಾಳ ಮತ್ತು ನಮ್ಮ ಜೇಬು

ಸಾವಿರ ರೂಪಾಯಿಯ ಇಯರ್‌ಫೋನಿಗೂ ಐದು ಸಾವಿರದ್ದಕ್ಕೂ ಧ್ವನಿಯಲ್ಲಿ ನಿಜವಾಗಿ ಎಷ್ಟು ವ್ಯತ್ಯಾಸ ಉಂಟು? ನಮ್ಮ ಕಾಸರಗೋಡಿನಂಥ ಕಡೆ ಕೂತು ಇದನ್ನು ತಿಳಿಯುವುದು ಸುಲಭವಲ್ಲ. ನಾಲ್ಕೈದು ಬಗೆಯನ್ನು ಕಿವಿಗೆ ಹಾಕಿ ನೋಡಲು ಬಿಡುವ ಅಂಗಡಿ ಅಪರೂಪ. ಮೊಬೈಲ್ ಅಂಗಡಿಯ ಗೋಡೆಯಲ್ಲಿ ತೂಗುಹಾಕಿದ ಪೊಟ್ಟಣ ನೋಡಬಹುದು, ಒಡೆದರೆ ಅದು ನಿಮ್ಮದು. ಉಳಿದದ್ದು ಆನ್‌ಲೈನ್, ಇಲ್ಲವಾದರೆ ರಜೆಯಲ್ಲಿ ದುಬೈಯಿಂದ ಬರುವ ಭಾವನ ಬ್ಯಾಗು. ಹಾಗಾಗಿ ಮನೆಯಲ್ಲೇ, ಇರುವ ಫೋನಿನಲ್ಲೇ, ಎರಡು ಇಯರ್‌ಫೋನನ್ನು ಹೋಲಿಸುವುದು ಹೇಗೆ ಎಂದು ಗೊತ್ತಿರಬೇಕು.

ಹೆಚ್ಚಿನವರ ಹೋಲಿಕೆ ಕೆಡುವುದು ಕಿವಿ ಚುರುಕಿಲ್ಲ ಎಂಬ ಕಾರಣಕ್ಕಲ್ಲ. ಒಂದು ಇಯರ್‌ಫೋನ್ ಕಿವಿಯಲ್ಲಿ ಗಟ್ಟಿಯಾಗಿ ಕೂತಿರುತ್ತದೆ, ಇನ್ನೊಂದರ ಬದಿಯಲ್ಲಿ ಸಂದು ಇರುತ್ತದೆ. ಒಂದು ಸ್ವಲ್ಪ ಜೋರು, ಇನ್ನೊಂದು ಸ್ವಲ್ಪ ಮೆಲ್ಲ. ಒಂದರಲ್ಲಿ ಕೇಳಿದ್ದು ಸಿನಿಮಾ ಹಾಡು, ಇನ್ನೊಂದರಲ್ಲಿ ಕೇಳಿದ್ದು ವಾಟ್ಸಾಪಿನಲ್ಲಿ ಬಂದ ಯಕ್ಷಗಾನದ ತುಣುಕು. ಈ ಮೂರನ್ನು ಸಮ ಮಾಡಿಬಿಟ್ಟರೆ ಅರ್ಧಕ್ಕಿಂತ ಜಾಸ್ತಿ ಕೆಲಸ ಮುಗಿಯಿತು.

ಇನ್ನೊಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಬೆಲೆ ನೋಡಿ ಧ್ವನಿಯನ್ನು ಊಹಿಸಬೇಡಿ. 2017ರಲ್ಲಿ ಯೆರೂನ್ ಬ್ರೇಬಾರ್ಟ್ ಎಂಬ ಸಂಶೋಧಕ 283 ಹೆಡ್‌ಫೋನುಗಳ ಅಳತೆಗಳನ್ನು ಬೆಲೆಯ ಜೊತೆ ಇಟ್ಟು ನೋಡಿದ್ದರು. ಅದರಲ್ಲಿ ಕಿವಿಯೊಳಗೆ ಹಾಕುವಂಥವೂ ಇದ್ದವು. ಯಾವ ಸ್ವರ ಎಷ್ಟು ಜೋರಾಗಿ ಬರುತ್ತದೆ ಎಂಬುದಕ್ಕೂ ಬೆಲೆಗೂ ಸಂಬಂಧ ಕಾಣಲಿಲ್ಲ. ದುಬಾರಿಯದ್ದು ಕೆಟ್ಟದು ಎಂದು ಇದರ ಅರ್ಥ ಅಲ್ಲ. ಬೆಲೆ ಎಂಬುದು ಧ್ವನಿಯ ಅಳತೆಗೋಲು ಅಲ್ಲ, ಅಷ್ಟೇ.

ಹಂತ 1: ಯಾವುದಕ್ಕೆ ಬೇಕು ಎಂದು ಬರೆದಿಡಿ

ಒಂದು ಚೀಟಿ ಸಾಕು. ಮನೆಯಲ್ಲಿ ರಾತ್ರಿ ಹಾಡು ಕೇಳಲಿಕ್ಕಾ? ದಿನಾ ಮಂಗಳೂರಿಗೆ ರೈಲಿನಲ್ಲಿ ಹೋಗಿ ಬರುವಾಗಲಾ? ಫೋನ್ ಕರೆಗಾ? ತೋಟದಲ್ಲಿ ಕೆಲಸ ಮಾಡುತ್ತಾ ತಾಳಮದ್ದಳೆ ಕೇಳಲಿಕ್ಕಾ? ಇದನ್ನು ಬರೆಯದೆ ಹೋಲಿಕೆಗೆ ಇಳಿದರೆ ಕೊನೆಗೆ ‘ಎರಡೂ ಚೆನ್ನಾಗಿದೆ’ ಎಂಬಲ್ಲಿಗೆ ಬಂದು ನಿಲ್ಲುತ್ತೀರಿ. ರೈಲಿನಲ್ಲಿ ಗೆಲ್ಲುವ ಇಯರ್‌ಫೋನ್ ಮನೆಯ ಕೋಣೆಯಲ್ಲಿ ಸೋಲಬಹುದು.

ಹಂತ 2: ಕಿವಿಯಲ್ಲಿ ಸರಿಯಾಗಿ ಕೂರಿಸಿ

ಇದನ್ನು ಜನ ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. ‘ಈ ಇಯರ್‌ಫೋನಿನಲ್ಲಿ ಬಾಸೇ ಇಲ್ಲ ಮಾರಾಯ್ರೆ’ ಎನ್ನುವವರ ಕಿವಿಯನ್ನು ಒಮ್ಮೆ ನೋಡಿ. ರಬ್ಬರು ತುದಿ ಹೊರಗೇ ನೇತಾಡುತ್ತಿರುತ್ತದೆ. ಕಿವಿಯ ಕಾಲುವೆ ಪೂರ್ತಿ ಮುಚ್ಚಿದರೆ ಮಾತ್ರ ಕೆಳಗಿನ ಸ್ವರಗಳು ಒಳಗೆ ನಿಲ್ಲುತ್ತವೆ. ಚೂರು ಸಂದು ಬಿಟ್ಟರೂ ಬಾಸ್ ಆ ದಾರಿಯಲ್ಲಿ ಹೊರಗೆ ಹೋಗುತ್ತದೆ, ಉಳಿಯುವುದು ತೆಳ್ಳಗಿನ ಕಿರುಚಲು ಧ್ವನಿ.

ಕೂರಿಸುವ ರೀತಿ ಹೀಗೆ. ಬಲಗಿವಿಗೆ ಹಾಕುವಾಗ ಎಡಗೈಯನ್ನು ತಲೆಯ ಹಿಂದಿನಿಂದ ತಂದು ಬಲಗಿವಿಯ ಮೇಲ್ತುದಿಯನ್ನು ಸ್ವಲ್ಪ ಮೇಲಕ್ಕೆ, ಹಿಂದಕ್ಕೆ ಎಳೆಯಿರಿ. ಆಗ ಕಾಲುವೆ ನೇರವಾಗುತ್ತದೆ. ಇಯರ್‌ಫೋನನ್ನು ಮೆಲ್ಲ ತಿರುಗಿಸುತ್ತಾ ಒಳಗೆ ಸೇರಿಸಿ, ಆಮೇಲೆ ಕಿವಿ ಬಿಡಿ. ವೈರು ಕಿವಿಯ ಮೇಲಿನಿಂದ ಸುತ್ತಿ ಬರುವ ವಿನ್ಯಾಸ ಆದರೆ ಹಾಗೆಯೇ ಸುತ್ತಿ. ವೈರು ಶರ್ಟಿಗೆ ತಾಗಿದಾಗ ಬರುವ ಸದ್ದೂ ಕಡಿಮೆಯಾಗುತ್ತದೆ.

ಈಗ ಪರೀಕ್ಷೆ. ಯಾವುದಾದರೂ ಉಚಿತ ಟೋನ್ ಜನರೇಟರ್ ಆ್ಯಪ್‌ನಲ್ಲಿ 50 ಹರ್ಟ್ಜ್ ಹಾಕಿ, ಸಣ್ಣ ವಾಲ್ಯೂಮ್‌ನಲ್ಲಿ. ಹರ್ಟ್ಜ್ ಎಂದರೆ ಸ್ವರದ ಎತ್ತರದ ಅಳತೆ, ಅಂಕಿ ಸಣ್ಣದಾದಷ್ಟೂ ಸ್ವರ ಕೆಳಗೆ. ಹುಂ ಎಂಬ ದಪ್ಪ ಸದ್ದು ಬರುತ್ತದೆ. ಬೆರಳಿನಿಂದ ಇಯರ್‌ಫೋನನ್ನು ಹಗುರವಾಗಿ ಒಳಕ್ಕೆ ಒತ್ತಿ. ಒತ್ತಿದ ಕೂಡಲೇ ಸದ್ದು ದೊಡ್ಡದಾಯಿತಾ? ಹಾಗಾದರೆ ಮೊದಲು ಅದು ಮುಚ್ಚಿರಲಿಲ್ಲ. ರಬ್ಬರು ತುದಿ ಬದಲಿಸಿ. ಎಡಗಿವಿಗೆ ನಡುಗಾತ್ರದ್ದು, ಬಲಗಿವಿಗೆ ದೊಡ್ಡದು ಬೇಕಾಗುವವರು ಬೇಕಾದಷ್ಟು ಜನ ಇದ್ದಾರೆ, ಎರಡೂ ಒಂದೇ ಅಳತೆ ಆಗಬೇಕೆಂದು ಏನೂ ಇಲ್ಲ. ಪೊಟ್ಟಣದಲ್ಲಿ ಕೊಟ್ಟ ಮೂರೂ ಅಳತೆ ಆಗದಿದ್ದರೆ ನೂರಿನ್ನೂರು ರೂಪಾಯಿಗೆ ಬೇರೆ ಸಿಲಿಕೋನ್ ತುದಿ ಸಿಗುತ್ತದೆ. ಫೋಮ್ ತುದಿ ಚೆನ್ನಾಗಿ ಮುಚ್ಚುತ್ತದೆ, ಹೊರಗಿನ ಸದ್ದನ್ನೂ ತಡೆಯುತ್ತದೆ, ಆದರೆ ಮೇಲಿನ ಸ್ವರಗಳ ಮಿನುಗನ್ನು ಒಂದು ಚೂರು ನುಂಗುತ್ತದೆ. ಹಾಗಾಗಿ ಒಂದಕ್ಕೆ ಫೋಮ್, ಇನ್ನೊಂದಕ್ಕೆ ಸಿಲಿಕೋನ್ ಹಾಕಿ ಹೋಲಿಸಬೇಡಿ. ಸಾಧ್ಯವಾದರೆ ಎರಡಕ್ಕೂ ಒಂದೇ ಬಗೆಯ ತುದಿ ಹಾಕಿ.

ಹಾಕುವಾಗ ಒಳಗಿಂದ ‘ಕಟ್’ ಎಂದು ಪ್ಲಾಸ್ಟಿಕ್ ಮುದುಡಿದಂತೆ ಸದ್ದು ಬಂದರೆ ಗಾಬರಿ ಬೇಡ. ಕಾಲುವೆಯಲ್ಲಿ ಸಿಕ್ಕಿಕೊಂಡ ಗಾಳಿ ಡ್ರೈವರಿನ (ಸದ್ದು ಹುಟ್ಟಿಸುವ ಭಾಗದ) ತೆಳು ಪೊರೆಯನ್ನು ಒತ್ತುವಾಗ ಹಾಗಾಗುತ್ತದೆ. ನಿಧಾನ ಹಾಕಿದರೆ ನಿಲ್ಲುತ್ತದೆ. ಪ್ರತಿ ಸಲವೂ ಬರುತ್ತಿದ್ದರೆ ಅದನ್ನು ಚೀಟಿಯಲ್ಲಿ ಬರೆದಿಡಿ, ಅದೂ ಒಂದು ಕೊರತೆಯೇ.

ಹಂತ 3: ವಾಲ್ಯೂಮ್ ಸಮ ಮಾಡಿ

ಎರಡು ಡೆಸಿಬೆಲ್ ಜೋರಾದರೂ ಸಾಕು, ನಮಗೆ ಅದು ‘ಜೋರು’ ಎಂದು ಗೊತ್ತಾಗುವುದಿಲ್ಲ, ‘ಚೆನ್ನಾಗಿದೆ’ ಎಂದೇ ಅನಿಸುತ್ತದೆ. ಅಂಗಡಿಯವರಿಗೂ ಇದು ಗೊತ್ತು. ಕಾರಣ ನಮ್ಮ ಕಿವಿಯಲ್ಲೇ ಇದೆ. ಸದ್ದು ಸಣ್ಣದಿದ್ದಾಗ ಕಿವಿಗೆ ತೀರಾ ಕೆಳಗಿನ ಮತ್ತು ತೀರಾ ಮೇಲಿನ ಸ್ವರಗಳು ಕಡಿಮೆ ಕೇಳಿಸುತ್ತವೆ, ಜೋರು ಮಾಡಿದಂತೆ ಅವು ಎದ್ದು ಬರುತ್ತವೆ. ಅಮೆರಿಕದ ಬೆಲ್ ಲ್ಯಾಬ್ಸ್‌ನ ಫ್ಲೆಚರ್ ಮತ್ತು ಮನ್ಸನ್ 1933ರಲ್ಲೇ ಇದನ್ನು ಅಳೆದು ಗೆರೆ ಹಾಕಿ ತೋರಿಸಿದ್ದರು. ಅಂದರೆ ಒಂದೇ ಇಯರ್‌ಫೋನ್ ಎರಡು ವಾಲ್ಯೂಮ್‌ನಲ್ಲಿ ಎರಡು ಬೇರೆ ಇಯರ್‌ಫೋನಿನಂತೆ ಕೇಳಿಸುತ್ತದೆ. ವಾಲ್ಯೂಮ್ ಸಮ ಇಲ್ಲದ ಹೋಲಿಕೆ ಸುಮ್ನೆ ಹೊತ್ತು ಹಾಳು.

ಮನೆಯಲ್ಲಿ ಮಾಡುವುದು ಹೇಗೆ? ಎರಡು ದಾರಿ ಉಂಟು. ಒರಟು ದಾರಿ ಎಂದರೆ, ಒಬ್ಬರೇ ಮಾತಾಡುವ ರೆಕಾರ್ಡಿಂಗ್ ಹಾಕಿ, ಎರಡರಲ್ಲೂ ಮಾತು ಒಂದೇ ಎತ್ತರದಲ್ಲಿ ಕೇಳುವ ತನಕ ಸರಿಮಾಡುವುದು. ಚೆಂಡೆಯನ್ನೋ ಡ್ರಮ್ಮನ್ನೋ ಹಿಡಿದು ಸಮ ಮಾಡಲು ಹೋಗಬೇಡಿ, ಬಾಸ್ ಜಾಸ್ತಿ ಇರುವ ಇಯರ್‌ಫೋನ್ ಮೋಸ ಮಾಡುತ್ತದೆ. ಮಾತು ನಡುವಿನ ಸ್ವರಗಳಲ್ಲಿ ಇರುವುದರಿಂದ ಅದೇ ಒಳ್ಳೆಯ ತಕ್ಕಡಿ.

ನಯ ದಾರಿಗೆ ಒಂದು ತುಂಡು ಮೆತ್ತಗಿನ ಪ್ಲಾಸ್ಟಿಕ್ ನಳಿಗೆ ಬೇಕು, ಎರಡು ಮೂರು ಸೆಂಟಿಮೀಟರ್ ಉದ್ದ ಸಾಕು. ಒಂದು ತುದಿಗೆ ಇಯರ್‌ಫೋನಿನ ರಬ್ಬರು ಬಿಗಿಯಾಗಿ ಸೇರಬೇಕು, ಇನ್ನೊಂದು ತುದಿಯನ್ನು ಬೇರೊಂದು ಫೋನಿನ ಮೈಕ್ ತೂತಿಗೆ ಒತ್ತಿ ಹಿಡಿಯಬೇಕು. ಆ ಫೋನಿನಲ್ಲಿ ಸೌಂಡ್ ಮೀಟರ್ ಆ್ಯಪ್, ಈ ಫೋನಿನಲ್ಲಿ 1,000 ಹರ್ಟ್ಜ್ ಟೋನ್. ಮೊದಲ ಇಯರ್‌ಫೋನಿಗೆ ಎಷ್ಟು ತೋರಿಸಿತೋ ಎರಡನೆಯದಕ್ಕೂ ಅಷ್ಟೇ ಬರುವಂತೆ ವಾಲ್ಯೂಮ್ ತಿರುಗಿಸಿ. ಅಲ್ಲಿ ಕಾಣುವ ಅಂಕಿಗೆ ಬೇರೆ ಅರ್ಥ ಇಲ್ಲ, ಎರಡೂ ಒಂದೇ ಆಗಬೇಕು ಎಂಬುದಷ್ಟೇ ಮುಖ್ಯ. ಇಲ್ಲಿ ಒಂದು ತೊಂದರೆ ಬರುತ್ತದೆ. ಹಲವು ಆಂಡ್ರಾಯ್ಡ್ ಫೋನುಗಳಲ್ಲಿ ವಾಲ್ಯೂಮಿಗೆ ಹದಿನೈದೇ ಮೆಟ್ಟಿಲು, ಒಂದು ಮೆಟ್ಟಿಲು ಹತ್ತಿದರೆ ಜಾಸ್ತಿ, ಇಳಿದರೆ ಕಡಿಮೆ. ಆಗ ಈಕ್ವಲೈಸರ್ (ಕೆಳಗಿನ, ಮೇಲಿನ ಸ್ವರಗಳನ್ನು ಬೇರೆಬೇರೆಯಾಗಿ ಏರಿಸಿ ಇಳಿಸುವ) ಆ್ಯಪ್‌ನಲ್ಲಿ ಒಟ್ಟು ಸದ್ದನ್ನು ಬದಲಿಸುವ ಪ್ರೀಆ್ಯಂಪ್ ಜಾರುಗುಂಡಿಯಿಂದ ಅರ್ಧ, ಒಂದು ಡೆಸಿಬೆಲ್ ಇಳಿಸಿ ಸರಿ ಹೊಂದಿಸಬಹುದು. ಈಕ್ವಲೈಸರಿನ ಬೇರೆ ಯಾವುದನ್ನೂ ಈಗ ಮುಟ್ಟಬೇಡಿ.

ಹೊಂದಿಸಿದ ಮೇಲೆ ಎರಡಕ್ಕೂ ವಾಲ್ಯೂಮ್ ಎಷ್ಟು ಎಂದು ಬರೆದಿಟ್ಟುಕೊಳ್ಳಿ. ಇನ್ನು ಮುಂದೆ ಬದಲಿಸಿದಾಗೆಲ್ಲ ಅದೇ ಅಂಕಿಗೆ ತನ್ನಿ.

ಹಂತ 4: ಏನನ್ನು ಕೇಳಬೇಕು

ಇಂಗ್ಲಿಷ್ ವಿಮರ್ಶೆಗಳಲ್ಲಿ ಯಾವುದೋ ಜಾಜ್, ಯಾವುದೋ ರಾಕ್ ಹಾಡುಗಳ ಪಟ್ಟಿ ಕೊಡುತ್ತಾರೆ. ಅದನ್ನು ಹುಡುಕಿಕೊಂಡು ಹೋಗುವ ಅಗತ್ಯ ಇಲ್ಲ. ಮೂಲ ಸದ್ದು ಹೇಗಿರುತ್ತದೆ ಎಂದು ನಿಮಗೆ ಗೊತ್ತಿರುವುದನ್ನೇ ಕೇಳಬೇಕು. ಯಕ್ಷಗಾನ ಕವಿ ಪಾರ್ತಿಸುಬ್ಬನ ಕುಂಬಳೆ ಸೀಮೆಯವರಿಗೆ ಚೆಂಡೆಯ ಸದ್ದು ಯಾರೂ ಹೇಳಿಕೊಡಬೇಕಾಗಿಲ್ಲ. ಗಿಟಾರಿನ ನಿಜವಾದ ಸದ್ದು ನಮ್ಮಲ್ಲಿ ಎಷ್ಟು ಜನ ಹತ್ತಿರದಿಂದ ಕೇಳಿದ್ದೇವೆ? ಚೆಂಡೆಯನ್ನು ರಂಗಸ್ಥಳದ ಬದಿಯಲ್ಲಿ ಚಾಪೆ ಹಾಸಿ ಕೂತು, ಬೆಳಗಿನ ತನಕ ಕೇಳಿದವರು ನಾವು.

ಹಾಗಾಗಿ ನಮ್ಮ ಕಡೆಯ ಯಕ್ಷಗಾನ ಶೈಲಿಯಾದ ತೆಂಕುತಿಟ್ಟಿನ ಹಿಮ್ಮೇಳದ ಒಂದು ಒಳ್ಳೆಯ ಸ್ಟುಡಿಯೋ ರೆಕಾರ್ಡಿಂಗ್ ಆರಿಸಿ. ಸ್ಟುಡಿಯೋದ್ದೇ ಬೇಕು. ಬಯಲಾಟದಲ್ಲಿ ಯಾರೋ ಮೊಬೈಲಿನಲ್ಲಿ ಹಿಡಿದದ್ದು ಆಗುವುದಿಲ್ಲ. ಅಲ್ಲಿ ಸದ್ದು ಧ್ವನಿವರ್ಧಕದಿಂದ ಒಡೆದು ಬಂದು, ಫೋನಿನ ಮೈಕ್‌ನಲ್ಲಿ ಮತ್ತೊಮ್ಮೆ ಒಡೆದಿರುತ್ತದೆ. ಅದು ಒಳ್ಳೆಯ ಇಯರ್‌ಫೋನಿನಲ್ಲಿ ಇನ್ನೂ ಸ್ಪಷ್ಟವಾಗಿ ಕೆಟ್ಟದಾಗಿ ಕೇಳುತ್ತದೆ, ಮಂಕು ಇಯರ್‌ಫೋನಿನಲ್ಲಿ ಸಹ್ಯವಾಗಿ ಕೇಳುತ್ತದೆ. ಒಳ್ಳೆಯದನ್ನು ಬಿಟ್ಟು ಮಂಕಾದದ್ದನ್ನು ಆರಿಸಿಬಿಡುತ್ತೀರಿ.

ಈಗ ಒಂದೊಂದಾಗಿ ಗಮನಿಸಿ.

ಚೆಂಡೆ. ಕೋಲು ಮುಚ್ಚಿಗೆಗೆ ತಾಗುವ ಆ ಕ್ಷಣದ ‘ಟ’ಕಾರ ಚೂಪಾಗಿ ಬಂದು ಕೂಡಲೇ ನಿಲ್ಲಬೇಕು. ವೇಗ ಹೆಚ್ಚಿ ಕೋಲುಗಳು ಮಳೆಯ ಹಾಗೆ ಬೀಳುವ ಕಡೆ ಒಂದೊಂದು ಪೆಟ್ಟೂ ಬೇರೆಬೇರೆಯಾಗಿ ಕೇಳುತ್ತದಾ? ಅಥವಾ ಎಲ್ಲ ಸೇರಿ ಒಂದೇ ಗಡಗಡ ಆಗುತ್ತದಾ? ಪೆಟ್ಟು ಚೂಪಾಗಿದ್ದೂ ಕಿವಿ ಚುಚ್ಚುವ ಹಾಗಿದ್ದರೆ ಮೂರರಿಂದ ಐದು ಸಾವಿರ ಹರ್ಟ್ಜ್ ನಡುವೆ ಜಾಸ್ತಿ ಏರಿಸಿದ್ದಾರೆ ಎಂದರ್ಥ. ಒಂದು ಪದ್ಯ ಕೇಳುವಾಗ ಅದು ‘ಸ್ಪಷ್ಟತೆ’ ಎಂದು ಮೆಚ್ಚಿಗೆಯಾಗುತ್ತದೆ, ಒಂದು ಗಂಟೆ ಕೇಳಿದರೆ ತಲೆನೋವು.

ಮದ್ದಳೆ. ಇದು ನನ್ನ ಮಟ್ಟಿಗೆ ಅತ್ಯುತ್ತಮ ಪರೀಕ್ಷೆ. ಏರುಪದದಲ್ಲಿ ಚೆಂಡೆ ಅಬ್ಬರಿಸುವಾಗ ಅದರ ಅಡಿಯಲ್ಲಿ ಮದ್ದಳೆಯ ಎಡ ಮುಚ್ಚಿಗೆಯ ದುಂಡಗಿನ ಪೆಟ್ಟು ಎಲ್ಲಿ ಬೀಳುತ್ತಿದೆ ಎಂದು ಹಿಡಿಯಲು ನೋಡಿ. ಒಳ್ಳೆಯ ಇಯರ್‌ಫೋನಿನಲ್ಲಿ ಪ್ರಯಾಸ ಇಲ್ಲದೆ ಸಿಗುತ್ತದೆ. ಇನ್ನೂರರಿಂದ ಐನೂರು ಹರ್ಟ್ಜ್ ನಡುವೆ ಉಬ್ಬಿದ ಇಯರ್‌ಫೋನಿನಲ್ಲಿ ಮದ್ದಳೆ, ಭಾಗವತರ ಎದೆಯ ಧ್ವನಿ, ಚೆಂಡೆಯ ಹೊಟ್ಟೆಯ ಗುಂಯ್ ಎಲ್ಲ ಒಂದರ ಮೇಲೆ ಒಂದು ಬಿದ್ದು ರಾಡಿ ಆಗುತ್ತದೆ. ‘ಎಕ್ಸ್‌ಟ್ರಾ ಬಾಸ್’ ಎಂದು ಪೊಟ್ಟಣದ ಮೇಲೆ ಬರೆದ ಅಗ್ಗದ ಸಾಮಾನುಗಳಲ್ಲಿ ಹೆಚ್ಚಿನವು ಸೋಲುವುದು ಇಲ್ಲಿ.

ಚಕ್ರತಾಳ. ಲೋಹದ ‘ಝಣ್’ ಹುಟ್ಟಿ, ಮಿನುಗಿ, ಮೆಲ್ಲ ಕರಗಬೇಕು. ಕೆಟ್ಟದರಲ್ಲಿ ಅದು ‘ಚ್ಸ್ ಚ್ಸ್’ ಎಂದು ಉಪ್ಪುಕಾಗದ ಉಜ್ಜಿದಂತೆ ಬಂದು ಅಲ್ಲೇ ತುಂಡಾಗುತ್ತದೆ. ವಯಸ್ಸಾದಂತೆ ಮೇಲಿನ ಸ್ವರಗಳು ಕೇಳುವುದು ಕಡಿಮೆಯಾಗುವುದರಿಂದ ಮಗಳಿಗೆ ಕೇಳಿದ ಮಿನುಗು ಅಪ್ಪನಿಗೆ ಕೇಳದೇ ಇರಬಹುದು. ಜಗಳ ಬೇಡ, ಯಾರಿಗೆ ಕೊಳ್ಳುವುದೋ ಅವರ ಕಿವಿಯೇ ಲೆಕ್ಕ.

ಶ, ಷ, ಸ. ತಾಳಮದ್ದಳೆಯ ಅರ್ಥಗಾರಿಕೆ ಒಂದು ಹತ್ತು ನಿಮಿಷ ಕೇಳಿ. ಸಂಸ್ಕೃತ ಪದಗಳು ಧಾರಾಳ ಬರುವ ಮಾತು, ಹಾಗಾಗಿ ಈ ಮೂರು ಅಕ್ಷರಗಳಿಗೆ ಬರಗಾಲ ಇಲ್ಲ. ಪ್ರತಿ ‘ಸ’ಕಾರವೂ ಸೀಟಿಯ ಹಾಗೆ ಎದ್ದು ಬಂದರೆ ಐದರಿಂದ ಎಂಟು ಸಾವಿರ ಹರ್ಟ್ಜ್ ನಡುವೆ ಒಂದು ಮೊನೆ ಉಂಟು. ಶಕಾರ ಷಕಾರಗಳ ವ್ಯತ್ಯಾಸವನ್ನು ಸ್ಪಷ್ಟವಾಗಿ ಉಚ್ಚರಿಸುವ ಅರ್ಥಧಾರಿಯಾಗಿದ್ದೂ ಎರಡೂ ಒಂದೇ ಆಗಿ ಕೇಳಿದರೆ ಅದು ಮಂಕು. ಇದೇ ಪರೀಕ್ಷೆ ಫೋನ್ ಕರೆಗೆ, ಪಾಠ ಕೇಳುವವರಿಗೆ ಕೂಡ ಸಾಕು.

ಇನ್ನು ಹಳೆಯ ಆಕಾಶವಾಣಿ ಕಾಲದ ಮೋನೋ ರೆಕಾರ್ಡಿಂಗ್ ಒಂದಿದ್ದರೆ ಅದಕ್ಕೂ ಉಪಯೋಗ ಉಂಟು. ಮೋನೋದಲ್ಲಿ ಎಡಕ್ಕೂ ಬಲಕ್ಕೂ ಒಂದೇ ಸದ್ದು, ಹಾಗಾಗಿ ಧ್ವನಿ ತಲೆಯ ನಟ್ಟ ನಡುವೆ ನಿಲ್ಲಬೇಕು. ಒಂದು ಬದಿಗೆ ವಾಲಿದರೆ ಎಡದ್ದನ್ನು ಬಲಕ್ಕೆ, ಬಲದ್ದನ್ನು ಎಡಕ್ಕೆ ಹಾಕಿ ನೋಡಿ. ವಾಲುವ ಬದಿಯೂ ಬದಲಾದರೆ, ಬೇರೆ ಫೋನಿನಲ್ಲೂ ಹಾಗೆಯೇ ಆದರೆ, ದೋಷ ಇಯರ್‌ಫೋನಿನದ್ದು, ವಾಪಸ್ ಕಳಿಸಿ. ಬದಲಾಗದಿದ್ದರೆ ನಿಮ್ಮ ಒಂದು ಕಿವಿಯಲ್ಲಿ ತುದಿ ಸರಿ ಕೂತಿಲ್ಲ, ಅಥವಾ ಗುಗ್ಗೆ ತುಂಬಿದೆ.

ಇದರ ಜೊತೆ ಆಳದ ಬಾಸ್ ಇರುವ ಒಂದು ಈಗಿನ ಸಿನಿಮಾ ಹಾಡು, ತಂಬೂರಿ ಚೆನ್ನಾಗಿ ಕೇಳುವ ಒಂದು ಕರ್ನಾಟಕ ಸಂಗೀತ ಕಛೇರಿ. ಇಷ್ಟು ಸಾಕು. ತುಂಬಾ ಹಾಡು ಇಟ್ಟುಕೊಂಡರೆ ಹೋಲಿಕೆ ಬಿಟ್ಟು ಹಾಡು ಕೇಳಲು ಶುರುಮಾಡುತ್ತೀರಿ.

ಹಂತ 5: ಮೊದಲು ತುಣುಕು, ಆಮೇಲೆ ದೀರ್ಘ

ಕಿವಿಯ ನೆನಪು ಬಹಳ ಮೋಟು. ನಿನ್ನೆ ಕೇಳಿದ ಇಯರ್‌ಫೋನನ್ನು ಇವತ್ತಿನದಕ್ಕೆ ಹೋಲಿಸುವುದು ಎಂದರೆ ಊಹೆಯೇ. ಹತ್ತು ಹದಿನೈದು ಸೆಕೆಂಡಿನ ಒಂದೇ ತುಣುಕನ್ನು ಒಂದರಲ್ಲಿ ಕೇಳಿ, ಬೇಗ ಬದಲಿಸಿ ಇನ್ನೊಂದರಲ್ಲಿ ಕೇಳಿ. ಒಂದು ಸಲಕ್ಕೆ ಒಂದೇ ವಿಷಯ ಗಮನಿಸಿ, ಮದ್ದಳೆ ಎಂದರೆ ಮದ್ದಳೆ ಮಾತ್ರ. ಕೇಳಿದ ಕೂಡಲೇ ಎರಡು ಶಬ್ದ ಬರೆಯಿರಿ.

ಆಮೇಲೆ ಒಂದನ್ನೇ ಎರಡು ಮೂರು ದಿನ ಹಾಕಿಕೊಂಡು ತಿರುಗಿ. ಇದು ಯಾಕೆ ಬೇಕು ಎಂದರೆ, ಬಾಸ್ ಜಾಸ್ತಿ ಇರುವುದನ್ನು ಕೇಳಿ ಕೂಡಲೇ ಸಮತೋಲದ್ದನ್ನು ಹಾಕಿದರೆ ಲಾಡು ತಿಂದ ಬಾಯಿಗೆ ಚಹಾ ಸಪ್ಪೆಯಾದ ಹಾಗೆ ಆಗುತ್ತದೆ. ತುಣುಕಿನ ಪರೀಕ್ಷೆಯಲ್ಲಿ ಯಾವಾಗಲೂ ಅಬ್ಬರದ್ದೇ ಗೆಲ್ಲುವುದು. ಮೂರು ದಿನ ಕಳೆದು ವಾಪಸ್ ಹೋದಾಗ ಯಾವುದು ತಪ್ಪಾಗಿ ಕೇಳುತ್ತದೆ ಎಂಬುದು ಹೆಚ್ಚು ನಂಬಬಹುದಾದ ಉತ್ತರ. ಎರಡು ಗಂಟೆಯ ತಾಳಮದ್ದಳೆ ಪೂರ್ತಿ ಕೇಳಿ ಕಿವಿ ನೋಯುತ್ತದಾ ನೋಡಿ. ನೋಯುವ ಇಯರ್‌ಫೋನಿನ ಧ್ವನಿ ಎಷ್ಟು ಚೆನ್ನಾಗಿದ್ದರೂ ಅದು ಮೇಜಿನ ಖಾನೆ ಸೇರುತ್ತದೆ.

‘ನೂರು ಗಂಟೆ ಓಡಿಸಿದರೆ ಧ್ವನಿ ತೆರೆದುಕೊಳ್ಳುತ್ತದೆ’ ಎಂದು ಮಾರುವವರು ಹೇಳುವುದುಂಟು. ನಾನು ನಂಬುವುದಿಲ್ಲ. ಹೊಂದಿಕೊಳ್ಳುವುದು ಹೆಚ್ಚಾಗಿ ನಮ್ಮ ಕಿವಿ. ಅಷ್ಟು ಹೊತ್ತಿಗೆ ವಾಪಸ್ ಕಳಿಸುವ ಅವಧಿಯೂ ಮುಗಿದಿರುತ್ತದೆ, ಅದನ್ನು ಅವರು ಹೇಳುವುದಿಲ್ಲ.

ಹಂತ 6: ಗ್ರಾಫ್ ಓದಿ, ಆದರೆ ಕೇಳಿದ ಮೇಲೆ

ಯಾವ ಸ್ವರ ಎಷ್ಟು ಜೋರಾಗಿ ಬರುತ್ತದೆ ಎಂದು ವಿಮರ್ಶಕರು ಅಳೆದು ಹಾಕುವ ಗೆರೆಚಿತ್ರವೇ ಗ್ರಾಫ್. ಕೊಳ್ಳುವ ಮೊದಲು ಪಟ್ಟಿ ಕಿರಿದು ಮಾಡಲು ಅದು ಬೇಕು. ಎರಡನ್ನು ಕೈಯಲ್ಲಿ ಹಿಡಿದು ಹೋಲಿಸುವಾಗ ಮಾತ್ರ ಮೊದಲು ಕೇಳಿ ಬರೆಯಿರಿ, ಆಮೇಲೆ ಗ್ರಾಫ್ ತೆರೆಯಿರಿ. ಮೊದಲೇ ನೋಡಿದರೆ ಕಣ್ಣಿಗೆ ಕಂಡದ್ದೇ ಕಿವಿಗೂ ಕೇಳುತ್ತದೆ.

ಅಡ್ಡಗೆರೆ 20ರಿಂದ 20,000 ಹರ್ಟ್ಜ್, ಅದೇ ಮನುಷ್ಯನ ಕಿವಿಯ ಮಿತಿ. ಉದ್ದಗೆರೆ ಡೆಸಿಬೆಲ್. ಎಡದಲ್ಲಿ ಬಾಸ್, ನಡುವೆ ಮಾತು, ಬಲದಲ್ಲಿ ಮಿನುಗು. ಗೆರೆ ಪೂರ್ತಿ ಸಪಾಟಾಗಿ ಇದ್ದರೆ ಒಳ್ಳೆಯದು ಎಂದು ತಿಳಿಯಬೇಡಿ. ನಮ್ಮ ಕಿವಿಯ ಕಾಲುವೆಯೇ ಮೂರು ಸಾವಿರ ಹರ್ಟ್ಜ್ ಆಸುಪಾಸಿನ ಸದ್ದನ್ನು ಏರಿಸುತ್ತದೆ. ಇಯರ್‌ಫೋನ್ ಆ ಕಾಲುವೆಯನ್ನು ಮುಚ್ಚಿಬಿಡುವುದರಿಂದ ಅಲ್ಲಿ ಒಂದು ಗುಡ್ಡ ಅದೇ ಕೊಡಬೇಕು. ಗುಡ್ಡ ಇಲ್ಲದಿದ್ದರೆ ಭಾಗವತರು ಬಾಗಿಲ ಹಿಂದೆ ನಿಂತು ಹಾಡಿದಂತೆ ಕೇಳುತ್ತದೆ. ಹರ್ಮನ್ ಕಂಪನಿಯಲ್ಲಿ ಶಾನ್ ಆಲಿವ್ ಮತ್ತು ಜೊತೆಗಾರರು ಕೇಳುಗರನ್ನು ಕೂರಿಸಿ ಪರೀಕ್ಷೆ ಮಾಡಿ ಹೆಚ್ಚಿನವರಿಗೆ ಹಿಡಿಸುವ ಒಂದು ಗೆರೆ ಕಂಡುಕೊಂಡರು. ಹರ್ಮನ್ ಟಾರ್ಗೆಟ್ ಎಂದು ಗ್ರಾಫಿನಲ್ಲಿ ಚುಕ್ಕೆ ಗೆರೆಯಾಗಿ ಕಾಣುವುದು ಅದೇ. ಅದಕ್ಕೆ ಹತ್ತಿರ ಇದ್ದರೆ ಪಟ್ಟಿಯಲ್ಲಿ ಉಳಿಸಿಕೊಳ್ಳಿ, ಅದನ್ನು ವೇದವಾಕ್ಯ ಮಾಡಬೇಡಿ. ನನಗೆ ಅದರ ಬಾಸ್ ಸ್ವಲ್ಪ ಜಾಸ್ತಿ.

ಎರಡು ಎಚ್ಚರಿಕೆ. ಒಬ್ಬರು ಒಂದೇ ಉಪಕರಣದಲ್ಲಿ ತೆಗೆದ ಗ್ರಾಫುಗಳನ್ನು ಮಾತ್ರ ಒಂದಕ್ಕೊಂದು ಹೋಲಿಸಿ. ಹಾಗೆಯೇ 8,000 ಹರ್ಟ್ಜ್ ಹತ್ತಿರ ಕಾಣುವ ಚೂಪು ಶಿಖರವನ್ನು ನೋಡಿ ಹೆದರಬೇಡಿ. ಅಳೆಯುವ ಕೃತಕ ಕಿವಿಯ ಕೊಳವೆಯದ್ದೇ ಅನುರಣನ ಅಲ್ಲಿ ಬರುತ್ತದೆ, ನಿಮ್ಮ ಕಿವಿಯಲ್ಲಿ ಅದು ಬೇರೆ ಕಡೆ ಇರಬಹುದು.

ಪೊಟ್ಟಣದ ಮೇಲಿನ ಉಳಿದ ಅಂಕಿಗಳ ಬಗ್ಗೆ ಚುಟುಕಾಗಿ. 10 ಎಂಎಂ ಡ್ರೈವರಿಗಿಂತ 13 ಎಂಎಂ ಉತ್ತಮ ಎಂದೇನೂ ಇಲ್ಲ. ಡ್ರೈವರುಗಳ ಸಂಖ್ಯೆಯೂ ಹಾಗೆಯೇ, ಎರಡು ಸಾವಿರದೊಳಗೆ ಒಂದೇ ಡೈನಮಿಕ್ ಡ್ರೈವರಿನದ್ದನ್ನೇ ನಾನು ಹೇಳುವುದು. ‘ಹೈ-ರೆಸ್’ ಎಂದು ಬರೆದ ಚಿನ್ನದ ಬಣ್ಣದ ಅಂಟುಚೀಟಿಗೆ 40,000 ಹರ್ಟ್ಜ್ ತನಕ ಸದ್ದು ಬರಬೇಕು ಎಂಬ ನಿಯಮ ಉಂಟು, ಅದು ನಾಯಿಗೆ ಕೇಳುತ್ತದೆ, ನಮಗಲ್ಲ. ಇಂಪೀಡೆನ್ಸ್ (ವಿದ್ಯುತ್ತಿಗೆ ಒಡ್ಡುವ ತಡೆ) 16ರಿಂದ 32 ಓಮ್ ಇದ್ದರೆ ಸಾಧಾರಣವಾಗಿ ಯಾವ ಫೋನಾದರೂ ಸಾಕು.

ಹಂತ 7: ವೈರಾ, ಬ್ಲೂಟೂತಾ? ರೈಲಿನಲ್ಲಿ ನೋಡಿ

ಮನೆಯಲ್ಲಿ ಕೂತು ಕೇಳುವುದಾದರೆ ಸಮಾನ ಬೆಲೆಗೆ ವೈರಿನದ್ದೇ ಮುಂದೆ. ಬ್ಲೂಟೂತಿನದ್ದರಲ್ಲಿ ಬ್ಯಾಟರಿ, ಚಿಪ್, ಮೈಕ್, ಡಬ್ಬಿ ಎಲ್ಲದಕ್ಕೂ ನಿಮ್ಮ ದುಡ್ಡು ಹಂಚಿಹೋಗಿರುತ್ತದೆ. ಮೂನ್‌ಡ್ರಾಪ್ ಚು 2, 7ಹರ್ಟ್ಜ್ ಸಾಲ್‌ನೋಟ್ಸ್ ಝೀರೋ, ಟ್ಯಾಂಗ್‌ಝು ವಾನರ್ ಇಂಥ ಚೀನಾದ ವೈರಿನ ಇಯರ್‌ಫೋನುಗಳು 2022ರ ನಂತರ ಎರಡು ಸಾವಿರದ ಆಸುಪಾಸಿನಲ್ಲಿ ಸಿಗುವ ಧ್ವನಿಯ ಮಟ್ಟವನ್ನೇ ಏರಿಸಿಬಿಟ್ಟವು. ಈ ಮೂರರಲ್ಲೂ ವೈರು ಬಿಚ್ಚಿ ಬದಲಿಸಬಹುದು.

ಫೋನಿನಲ್ಲಿ ಇಯರ್‌ಫೋನ್ ಚುಚ್ಚುವ 3.5 ಎಂಎಂ ತೂತು ಇಲ್ಲದವರಿಗೆ ಡಾಂಗಲ್ ಬೇಕು, ಎಂದರೆ ಚಾರ್ಜಿಂಗ್ ತೂತಿಗೆ ಸಿಕ್ಕಿಸುವ ತುಂಡು ವೈರು. ಒಳಗೆ ಡ್ಯಾಕ್ ಚಿಪ್ (ಫೋನಿನ ಡಿಜಿಟಲ್ ಸಂಕೇತವನ್ನು ಇಯರ್‌ಫೋನಿಗೆ ಬೇಕಾದಂತೆ ಬದಲಿಸುವಂಥದ್ದು) ಇರುವಂಥದ್ದನ್ನು ಕೇಳಿ ತೆಗೆದುಕೊಳ್ಳಿ. ನೂರು ರೂಪಾಯಿಯ ಕೆಲವು ಬರೇ ವೈರು ಜೋಡಿಸಿದವು, ಹಲವು ಫೋನುಗಳಲ್ಲಿ ಸದ್ದೇ ಬರುವುದಿಲ್ಲ. ಆ್ಯಪಲ್‌ನ ಟೈಪ್-ಸಿ ಡಾಂಗಲ್ ಒಳ್ಳೆಯದೇ, ಆದರೆ ಹಲವು ಆಂಡ್ರಾಯ್ಡ್ ಫೋನುಗಳಲ್ಲಿ ಅದರ ವಾಲ್ಯೂಮ್ ಕಡಿಮೆ ಬರುತ್ತದೆ.

ಬ್ಲೂಟೂತಿನಲ್ಲಿ ಕಳಿಸಲು ಸದ್ದನ್ನು ಕುಗ್ಗಿಸುವ ಕ್ರಮಕ್ಕೆ ಕೋಡೆಕ್ ಎನ್ನುತ್ತಾರೆ, ಅದರ ಬಗ್ಗೆ ಜಾಸ್ತಿ ತಲೆಕೆಡಿಸಿಕೊಳ್ಳಬೇಡಿ. ಎಲ್‌ಡ್ಯಾಕ್ ಎಂಬ ಕೋಡೆಕ್ ಸೆಕೆಂಡಿಗೆ 990 ಕಿಲೋಬಿಟ್ ತನಕ ಕಳಿಸಬಲ್ಲದು, ಆದರೆ ಐಫೋನಿನಲ್ಲಿ ಅದು ಇಲ್ಲವೇ ಇಲ್ಲ, ಅಲ್ಲಿ ಎಎಸಿ ಎಂಬ ಇನ್ನೊಂದು ಕೋಡೆಕ್. ಯೂಟ್ಯೂಬಿನ ಯಕ್ಷಗಾನ ಮೂಲದಲ್ಲೇ ಕುಗ್ಗಿಸಿ ಬಂದಿರುವಾಗ ದೊಡ್ಡ ಕೋಡೆಕ್ ಇದ್ದು ಏನು ಪ್ರಯೋಜನ, ಅಲ್ವಾ?

ಬ್ಲೂಟೂತ್ ಗೆಲ್ಲುವ ಜಾಗ ರೈಲು. ಕಾಸರಗೋಡಿನಿಂದ ಮಂಗಳೂರಿಗೆ ಹೋಗುವ ಬೆಳಗಿನ ಗಾಡಿಯಲ್ಲಿ, ಕುಂಬಳೆ ಉಪ್ಪಳ ಮಂಜೇಶ್ವರ ದಾಟುವಷ್ಟರಲ್ಲಿ ಬೋಗಿ ತುಂಬಿ, ಕಿಟಕಿ ಎಲ್ಲ ತೆರೆದಿರುತ್ತದೆ. ಗಾಲಿಯ ಗಡಗಡ ಕೆಳಗಿನ ಸ್ವರಗಳದ್ದು, ಅದು ಹಾಡಿನ ಬಾಸನ್ನು ಮುಚ್ಚುತ್ತದೆ. ಮನೆಯಲ್ಲಿ ಸಮವಾಗಿ ಕೇಳಿದ ಇಯರ್‌ಫೋನ್ ಇಲ್ಲಿ ತೆಳ್ಳಗೆ. ಉಳ್ಳಾಲ ದಾಟಿ ನೇತ್ರಾವತಿ ಸಂಕದ ಮೇಲೆ ಬಂದಾಗ ಒಮ್ಮೆ ಗಮನಿಸಿ, ಮದ್ದಳೆ ಪೂರ್ತಿ ಮುಳುಗಿ ಚಕ್ರತಾಳ ಮಾತ್ರ ಉಳಿಯುತ್ತದೆ. ನಾಯ್ಸ್ ಕ್ಯಾನ್ಸಲಿಂಗ್ ಇರುವ ಬ್ಲೂಟೂತ್ ಇಯರ್‌ಫೋನ್ ಒಂದೇ ಸಮನೆ ಬರುವ ಇಂಥ ಗಡಗಡವನ್ನೇ ಚೆನ್ನಾಗಿ ಇಳಿಸುವುದು. ಎದುರಿನ ಸೀಟಿನವರ ಮಾತನ್ನು, ಚಾಯ್ ಮಾರುವವರ ಕೂಗನ್ನು ಅದು ಅಷ್ಟಾಗಿ ತಡೆಯುವುದಿಲ್ಲ. ಅದಕ್ಕೆ ಗಟ್ಟಿಯಾಗಿ ಮುಚ್ಚುವ ತುದಿಯೇ ಬೇಕು.

ಸದ್ದು ತಡೆಯದ ಇಯರ್‌ಫೋನ್ ಹಾಕಿದರೆ ರೈಲಿನಲ್ಲಿ ವಾಲ್ಯೂಮ್ ಏರಿಸುತ್ತೀರಿ. ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕದಲ್ಲಿ 80 ಡೆಸಿಬೆಲ್ ವಾರಕ್ಕೆ 40 ಗಂಟೆ ತನಕ ಸರಿ, 90 ಡೆಸಿಬೆಲ್ ಆದರೆ ವಾರಕ್ಕೆ ನಾಲ್ಕೇ ಗಂಟೆ. ದಿನಾ ಹೋಗಿ ಬರುವವರಿಗೆ ಆ ನಾಲ್ಕು ಗಂಟೆ ಎರಡು ಮೂರು ದಿನದಲ್ಲಿ ಖರ್ಚಾಗುತ್ತದೆ. ಹಾಗಾಗಿ ನಿತ್ಯ ಪ್ರಯಾಣದವರು ನಾಯ್ಸ್ ಕ್ಯಾನ್ಸಲಿಂಗಿಗೆ ಕೊಡುವ ದುಡ್ಡು ನನ್ನ ಪ್ರಕಾರ ದಂಡ ಅಲ್ಲ.

ಹಂತ 8: ವರ್ಷಕ್ಕೆ ಎಷ್ಟು ಬೀಳುತ್ತದೆ

ಅಂಗಡಿಯ ಬೆಲೆ ನೋಡಬೇಡಿ, ವರ್ಷದ ಬೆಲೆ ನೋಡಿ. ನಾಲ್ಕು ಸಾವಿರದ ಬ್ಲೂಟೂತ್ ಜೋಡಿ ಎಂದಿಟ್ಟುಕೊಳ್ಳಿ. ಅದರೊಳಗಿನ ಪುಟ್ಟ ಲಿಥಿಯಂ ಬ್ಯಾಟರಿ ದಿನಾ ತುಂಬಿ ಖಾಲಿಯಾಗಿ ಎರಡು ಎರಡೂವರೆ ವರ್ಷಕ್ಕೆ ಸುಸ್ತಾಗುತ್ತದೆ, ಬದಲಿಸಲು ಸಾಧಾರಣವಾಗಿ ಆಗುವುದಿಲ್ಲ. ವರ್ಷಕ್ಕೆ 1,600ರಿಂದ 2,000 ರೂಪಾಯಿ. ಎರಡು ಸಾವಿರದ ವೈರಿನದ್ದು, ಏಳುನೂರರ ಡಾಂಗಲ್, ನಡುವೆ ಒಮ್ಮೆ ಐನೂರರ ಹೊಸ ವೈರು, ಐದು ವರ್ಷ ಬಂದರೆ ವರ್ಷಕ್ಕೆ 640. ವೈರು ಬಿಚ್ಚಲು ಬಾರದ್ದಾದರೆ ಈ ಲೆಕ್ಕ ಹಿಡಿಯುವುದಿಲ್ಲ, ಯಾಕೆಂದರೆ ಮೊದಲು ಸಾಯುವುದೇ ವೈರು, ಅದೂ ಪಿನ್ನಿನ ಬುಡದಲ್ಲಿ.

ಇನ್ನೊಂದು, ಧ್ವನಿಯ ಸಣ್ಣ ಕೊರತೆಗೆ ದುಡ್ಡು ಕೊಡುವ ಮೊದಲು ಈಕ್ವಲೈಸರ್ ಹಾಕಿ ನೋಡಿ. ಮದ್ದಳೆ ರಾಡಿಯಾಗುತ್ತಿದ್ದರೆ 250 ಹರ್ಟ್ಜ್ ಹತ್ತಿರ ಎರಡು ಮೂರು ಡೆಸಿಬೆಲ್ ಇಳಿಸಿ. ಸಕಾರ ಚುಚ್ಚಿದರೆ ಆರು ಏಳು ಸಾವಿರದ ಹತ್ತಿರ ಅಷ್ಟೇ ಇಳಿಸಿ. ಇಷ್ಟಕ್ಕೆ ಸರಿಯಾದರೆ ಹೊಸದು ಕೊಳ್ಳಬೇಕಾಗಿಲ್ಲ. ಒಡಕು, ಎಡಬಲ ವ್ಯತ್ಯಾಸ, ಕಿವಿನೋವು ಇವು ಈಕ್ವಲೈಸರಿಗೆ ಬಗ್ಗುವುದಿಲ್ಲ.

ಮಳೆಗಾಲದ ಒಂದು ಮಾತು

ವರ್ಷಕ್ಕೆ ಮೂರು ಸಾವಿರ ಮಿಲಿಮೀಟರ್ ಮೀರಿ ಮಳೆ ಬೀಳುವ ಊರು ನಮ್ಮದು. ಜೂನಿನಿಂದ ಸೆಪ್ಟೆಂಬರ್ ತನಕ ಚಪ್ಪಲಿಗೆ, ಬೆಲ್ಟಿಗೆ, ಅಡಿಕೆಗೆ ಎಲ್ಲ ಬೂಷ್ಟು ಬರುವಾಗ ಇಯರ್‌ಫೋನ್ ಮಾತ್ರ ಪಾರಾಗುತ್ತದಾ? ಮೂತಿಯಲ್ಲಿರುವ ತೆಳು ಬಲೆಯಲ್ಲಿ ಬೆವರು, ತೇವ, ಗುಗ್ಗೆ ಸೇರಿ ತೂತು ಕಟ್ಟುತ್ತದೆ. ಆಗ ಒಂದು ಬದಿಯ ಸದ್ದು ಮೆಲ್ಲ ಕುಗ್ಗಿ ಮಂಕಾಗುತ್ತದೆ, ಡ್ರೈವರೇ ಸತ್ತಿತು ಎಂದು ಜನ ಎಸೆಯುತ್ತಾರೆ. ಎಸೆಯುವ ಮೊದಲು ತುದಿ ತೆಗೆದು ಬಲೆಯನ್ನು ಒಣ ಮೆತ್ತಗಿನ ಬ್ರಶ್ಶಿನಿಂದ ಮೂತಿ ಕೆಳಗೆ ಮಾಡಿ ಉಜ್ಜಿ, ಸಿಲಿಕಾ ಜೆಲ್ ಪೊಟ್ಟಣದ ಜೊತೆ ಮುಚ್ಚಿದ ಡಬ್ಬಿಯಲ್ಲಿ ಒಂದು ರಾತ್ರಿ ಇಡಿ. ಹಲವು ಸಲ ಸದ್ದು ವಾಪಸ್ ಬರುತ್ತದೆ. ಹೋಲಿಕೆ ಮಾಡುವಾಗ ಹಳೆಯ ಇಯರ್‌ಫೋನಿನ ಬಲೆ ಶುಚಿ ಉಂಟಾ ಎಂದು ನೋಡಿಯೇ ಶುರುಮಾಡಿ. ಫೋಮ್ ತುದಿ ಈ ತಿಂಗಳುಗಳಲ್ಲಿ ಬೇಡ, ನೀರು ಹೀರಿ ವಾಸನೆ ಬರುತ್ತದೆ.

ಕೊಳ್ಳುವಾಗ

ಗಲ್ಫಿನಿಂದ ತರಿಸಿದ್ದು ಅಗ್ಗ ಎಂದು ಕಾಣುತ್ತದೆ, ಆದರೆ ಹಲವು ಕಂಪನಿಗಳ ವಾರಂಟಿ ಕೊಂಡ ದೇಶಕ್ಕೆ ಮಾತ್ರ. ಹಾಳಾದರೆ ಭಾವ ಮುಂದಿನ ರಜೆಗೆ ಬರುವ ತನಕ ಕಾಯಬೇಕು. ಇಲ್ಲಿಯೇ ಕೊಂಡರೂ ಸರ್ವಿಸ್ ಸೆಂಟರ್ ಮಂಗಳೂರಿನಲ್ಲಾ, ಕಣ್ಣೂರಿನಲ್ಲಾ, ಕೊರಿಯರಿನಲ್ಲೇ ಕಳಿಸಬೇಕಾ ಎಂದು ಮೊದಲೇ ನೋಡಿಡಿ. ಒಂದು ದಿನದ ರಜೆ, ರೈಲು ಖರ್ಚು ಎಲ್ಲ ಬೆಲೆಗೇ ಸೇರಿತಲ್ಲ.

ಆನ್‌ಲೈನಿನಲ್ಲಿ ಇಯರ್‌ಫೋನಿಗೆ ಹಲವು ಕಡೆ ಹಣ ವಾಪಸ್ ಇಲ್ಲ, ಬದಲಿ ಮಾತ್ರ. ‘ಧ್ವನಿ ಹಿಡಿಸಲಿಲ್ಲ’ ಎಂದರೆ ಅವರು ಕೇಳುವುದಿಲ್ಲ, ದೋಷ ತೋರಿಸಬೇಕು. ಪೊಟ್ಟಣ ಬಿಚ್ಚುವಾಗಲೇ ತಡೆಯಿಲ್ಲದ ಒಂದು ವಿಡಿಯೋ ಮಾಡಿ, ಮುದ್ರೆ ಮತ್ತು ವಿಳಾಸದ ಚೀಟಿ ಕಾಣಲಿ. ಬಂದ ದಿನವೇ 50 ಹರ್ಟ್ಜ್ ಟೋನ್, ಮೋನೋ ರೆಕಾರ್ಡಿಂಗ್ ಎರಡೂ ಹಾಕಿ ನೋಡಿ. ದೂರು ಬರೆಯುವಾಗ ‘ಎಡದ ಬದಿ ಸದ್ದು ಕಡಿಮೆ, ಎಡ ಬಲ ಅದಲು ಬದಲು ಹಾಕಿದರೂ ಅದೇ ತುಂಡಿನಲ್ಲಿ ಕಡಿಮೆ, ಬೇರೆ ಫೋನಿನಲ್ಲೂ ಹಾಗೆಯೇ’ ಎಂದು ಬರೆಯಿರಿ. ಕಸ್ಟಮರ್ ಕೇರಿನವರು ಕೇಳುವ ಮೊದಲ ಮೂರು ಪ್ರಶ್ನೆಗೆ ಅದರಲ್ಲೇ ಉತ್ತರ ಇರುತ್ತದೆ.